ಗಾಜಿನಕ್ಕನ ಪಿಕಪ್ಪಿಗೆ ಯಾವ ಎಣ್ಣೆ?

ಗಾಜಿನಕ್ಕ ಪಿಕಪ್ ಕೊಂಡದ್ದು ಗಾಜು ಸಾಗಿಸುವುದಕ್ಕೆ ಅಂತ ಬೀದಿಯವರೆಲ್ಲ ತಿಳಿದಿದ್ದರು. ತಿಳಿದುಕೊಳ್ಳಲಿ, ಪಾಪ. ಅವಳು ಕೊಂಡದ್ದು ಮೈದುನನಿಗೆ ಫೋನ್ ಮಾಡುವ ಕರ್ಮ ತಪ್ಪಲಿ ಅಂತ.

ಅವಳದು ಗಾಜಿನ ಅಂಗಡಿ. ಕಿಟಕಿ ಗಾಜು, ಮೇಜಿನ ಗಾಜು, ಬಚ್ಚಲಿನ ಕನ್ನಡಿ, ಎಲ್ಲವನ್ನೂ ಅಳತೆಗೆ ಕೊಯ್ದು ಕೊಡುತ್ತಾಳೆ. ಗಂಡ ಅಂಚು ಉಜ್ಜಿ, ಗಿರಾಕಿಗಳ ಮನೆಗೆ ಹೋಗಿ ಕೂರಿಸಿ ಬರುತ್ತಾನೆ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗಾಜಿನಕ್ಕ. ಇಷ್ಟು ವರ್ಷ ಆ ಗಾಜೆಲ್ಲ ಹೋಗುತ್ತಿದ್ದದ್ದು ಗಂಡನ ತಮ್ಮನ ವ್ಯಾನಿನಲ್ಲಿ. ಕರೆದರೆ ಬರುತ್ತಿದ್ದ, ಸುಳ್ಳು ಹೇಳಬಾರದು. ಆದರೆ ಬೆಳಗ್ಗೆ ಕರೆದರೆ ಮಧ್ಯಾಹ್ನಕ್ಕೆ ಬರುತ್ತಿದ್ದ, ಬಂದವನು ಮೊದಲು ಊಟಕ್ಕೆ ಕೂರುತ್ತಿದ್ದ, ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ, "ಅತ್ತಿಗೆ, ನಾನಿಲ್ಲದಿದ್ರೆ ನಿಮ್ಮ ಗಾಜೆಲ್ಲ ಇಲ್ಲೇ ಕೂತು ಧೂಳು ತಿಂತಿತ್ತು" ಅನ್ನುತ್ತಿದ್ದ.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವನ ಇನ್ನೊಂದು ಮಾತು: "ನಾನು ಆಗಲೇ ಹೇಳಲಿಲ್ವಾ?" ಗಾಜಿಗೆ ಗೀರು ಬಿದ್ದರೆ ಅವನು ಆಗಲೇ ಹೇಳಿದ್ದ. ಗಿರಾಕಿ ಕೈಕೊಟ್ಟರೆ ಆಗಲೇ ಹೇಳಿದ್ದ. ಮಳೆ ಬಂದರೂ ಹೇಳಿದ್ದ, ಬರದಿದ್ದರೂ ಹೇಳಿದ್ದ. ಹುಟ್ಟುತ್ತಲೇ ಸೂಲಗಿತ್ತಿಗೂ ಇದನ್ನೇ ಹೇಳಿರಬೇಕು ಅಂತ ಗಾಜಿನಕ್ಕನ ಗುಮಾನಿ.

ಒಮ್ಮೆ ಅವನು ಅವಳನ್ನೂ ಅವಳ ಗಾಜನ್ನೂ ಅರ್ಧದಾರಿಯಲ್ಲಿ ಇಳಿಸಿ, "ಈಗ ಬಂದೆ" ಅಂತ ಯಾರದೋ ಸೋಫಾ ಸಾಗಿಸಲು ಹೋದ. ಸೋಫಾದವರು ಟೀ ಕೊಟ್ಟರು, ಟೀ ಜೊತೆ ಮಾತು ಬಂತು, ಮಾತಿನ ಜೊತೆ ಸಂಜೆಯೂ ಬಂತು. ಗಾಜಿನಕ್ಕ ಒಂದು ಗೋಡೆಯ ಪಕ್ಕದಲ್ಲಿ ತನ್ನ ಗಾಜಿಗೆ ಕಾವಲು ನಿಂತು, ಅದರಲ್ಲಿ ಮಸುಕಾಗಿ ಕಾಣುತ್ತಿದ್ದ ಬೆವರು ಮುಖಕ್ಕೆ ಮಾತು ಕೊಟ್ಟಳು, ಇನ್ನು ಸಾಕು ಅಂತ.

ಹಾಗೆ ಬಂದದ್ದು ಈ ಪಿಕಪ್. ಸೆಕೆಂಡ್ ಹ್ಯಾಂಡ್ ಅಂತ ಹೇಳಿ ಮಾರಿದರು. ಎಷ್ಟು ಕೈ ದಾಟಿತ್ತೋ ದೇವರೇ ಬಲ್ಲ. ಮಾರಿದವನು ಹೂಕುಂಡಗಳ ವ್ಯಾಪಾರಿ. ಹಿಂದಿನ ಕ್ಯಾರಿಯರ್‌ನ ಮೂಲೆಯಲ್ಲಿ ಇನ್ನೂ ಒಂದು ಹಿಡಿ ಮಣ್ಣಿತ್ತು, ಮಣ್ಣಿನಲ್ಲಿ ಏನೋ ಚಿಗುರಿತ್ತು. ಬಣ್ಣ ಒಂದು ಕಾಲದಲ್ಲಿ ನೀಲಿ. ಡ್ರೈವರ್ ಬಾಗಿಲು ಒಬ್ಬರಿಂದ ಮುಚ್ಚುತ್ತಿರಲಿಲ್ಲ. ಕೂತವರು ಒಳಗಿನಿಂದ ಎಳೆಯಬೇಕು, ಅದೇ ಹೊತ್ತಿಗೆ ಹೊರಗಿನಿಂದ ಯಾರಾದರೂ ಕೆಳಮೂಲೆಗೆ ಒಂದು ಒದೆ ಕೊಡಬೇಕು. ಗಂಡ ಒದೆಯುತ್ತಿದ್ದ. ಬಹಳ ದಿನಗಳ ಮೇಲೆ ಅವನಿಗೆ ಮನೆಯಲ್ಲಿ ಒದೆಯಲು ಒಂದು ವಸ್ತು ಸಿಕ್ಕಿತ್ತು, ಖುಷಿಯಿಂದಲೇ ಒದೆಯುತ್ತಿದ್ದ.

ಮೈದುನ ಗಾಡಿ ನೋಡಲು ಬಂದ. ಅವನ ವ್ಯಾನ್ ನಿಂತ ಕಡೆಯೆಲ್ಲ ನೆಲಕ್ಕೆ ಕೆಂಪು ಬೊಟ್ಟು ಬೀಳುತ್ತಿತ್ತು; ಗೇರ್‌ಬಾಕ್ಸ್ ಸೋರಿಕೆ. ಸೀಟಿನ ಕೆಳಗೆ ಸದಾ ಒಂದು ಡಬ್ಬಿ ಎಣ್ಣೆ ಇಟ್ಟುಕೊಂಡು, ಸೋರಿದಷ್ಟು ಹೊಯ್ದುಕೊಂಡು ಓಡಿಸುತ್ತಿದ್ದ. ಅಂಥ ವ್ಯಾನಿನಿಂದ ಇಳಿದವನು ಪಿಕಪ್ಪಿನ ಸುತ್ತ ಗತ್ತಿನಿಂದ ಒಂದು ಸುತ್ತು ಹಾಕಿ, ಟೈರಿಗೆ ಕಾಲಿನಿಂದ ತಟ್ಟಿ, ತೀರ್ಪು ಕೊಟ್ಟ.

"ಅತ್ತಿಗೆ, ಇದು ನಿಮ್ಮನ್ನ ನಡುರಸ್ತೇಲಿ ಕೂರಿಸುತ್ತೆ. ಆಗ ಫೋನ್ ಮಾಡಿ, ಬರ್ತೀನಿ."

"ಮಾಡಲ್ಲ."

"ಮಾಡ್ತೀರಾ."

"ಸತ್ರೂ ಮಾಡಲ್ಲ."

ಗಾಡಿಗೆ ಇದೆಲ್ಲ ಕೇಳಿಸಿತೋ ಏನೋ. ಸ್ವಲ್ಪ ದಿನಕ್ಕೇ ಅದರ ಬುದ್ಧಿ ಕೆಟ್ಟಿತು. ಅದು ಆಟೋಮ್ಯಾಟಿಕ್ ಗೇರಿನ ಗಾಡಿ, ತಾನಾಗಿ ಗೇರ್ ಬದಲಿಸಿಕೊಳ್ಳಬೇಕು. ಇದು ಬದಲಿಸುವ ಮುಂಚೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಿತ್ತು, ಆಮೇಲೆ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಧಡಕ್ಕನೆ ಮುಂದಕ್ಕೆ ಹಾರುತ್ತಿತ್ತು. ಹೂಕುಂಡಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಕನ್ನಡಿಗೆ ಆಗುತ್ತದೆ. ಒಂದು ಆಳೆತ್ತರದ ಕನ್ನಡಿ, ಹಿಂದೆ ಗಾಜು ಒರಗಿಸುವ ಸ್ಟ್ಯಾಂಡಿಗೆ ಬಿಗಿದು ಕಟ್ಟಿದ್ದು, ಅಂಥ ಒಂದು ಧಡಕ್ಕಿಗೆ ಮೇಲಿನಿಂದ ಕೆಳಗಿನವರೆಗೆ ಸೀಳಿಹೋಯಿತು. ಗಾಜಿನಕ್ಕ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಎರಡು ಹೋಳಾದ ತನ್ನನ್ನು ನೋಡಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಆ ಹೊತ್ತಿಗೇ ಮೈದುನನ ವ್ಯಾನ್ ಎದುರಿನಿಂದ ಬಂದು, ನಿಧಾನವಾಗಿ ಹಾದುಹೋಯಿತು. ಅವನು ನಿಲ್ಲಿಸಲಿಲ್ಲ, ಏನೂ ಅನ್ನಲೂ ಇಲ್ಲ. ಅದು ಅವಳಿಗೆ ಇನ್ನೂ ಉರಿಯಿತು.

ಒಡೆದದ್ದು ಡ್ಯಾನ್ಸ್ ಕ್ಲಾಸಿನ ಕನ್ನಡಿ. ಒಂದು ಇಡೀ ಗೋಡೆಗೆ ಕನ್ನಡಿ ಹಾಕಿಸುವ ಆರ್ಡರು, ಅವಳ ಅಂಗಡಿ ಕಂಡ ಅತಿ ದೊಡ್ಡ ಕೆಲಸ. ಅಂಗಡಿಯಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ಹಾಳೆ, ಒಡೆದದ್ದರ ಬದಲಿಗೆ ಅದನ್ನು ಕೊಯ್ದಾಯಿತು. ಇನ್ನೊಂದು ಒಡೆದರೆ ಫ್ಯಾಕ್ಟರಿಯಿಂದ ಬರುವುದು ಮುಂದಿನ ತಿಂಗಳು. ಡ್ಯಾನ್ಸ್ ಟೀಚರ್ ಶುಕ್ರವಾರಕ್ಕೆ ಬೇಕೇ ಬೇಕು ಅಂದಿದ್ದಳು. ಅಂದರೆ ಶುಕ್ರವಾರದೊಳಗೆ ಗಾಡಿ ಸರಿಯಾಗಬೇಕು, ಇಲ್ಲವೇ ಮೈದುನನಿಗೆ ಫೋನ್ ಮಾಡಬೇಕು.

ಬೀದಿಯ ಕೊನೆಯ ಗ್ಯಾರೇಜಿನವನಿಗೆ ಗ್ಯಾರಂಟಿ ಮೇಸ್ತ್ರಿ ಅಂತ ಹೆಸರು, ಅವನು ಜನ್ಮದಲ್ಲಿ ಯಾವುದಕ್ಕೂ ಗ್ಯಾರಂಟಿ ಕೊಟ್ಟವನಲ್ಲ ಅನ್ನುವ ಕಾರಣಕ್ಕೆ. ಅವನು ಬಾನೆಟ್ ಎತ್ತಿ, ಗೇರ್‌ಬಾಕ್ಸಿನ ಎಣ್ಣೆ ನೋಡುವ ಉದ್ದನೆಯ ಗೇಜು ಕಡ್ಡಿಯನ್ನು ಕೊಳವೆಯಿಂದ ಎಳೆದು, ತುದಿಯನ್ನು ಮೂಸಿ ಮುಖ ಹಿಂಡಿದ.

"ಎಣ್ಣೆ ಸುಟ್ಟೋಗಿದೆ ಅಕ್ಕ. ಬದಲಾಯಿಸಬೇಕು."

"ಬದಲಾಯಿಸಿದ್ರೆ ಸರಿಹೋಗುತ್ತಾ?"

"ಹೋಗಬಹುದು. ಹಳೇ ಎಣ್ಣೆಗೆ ಒಗ್ಗಿದ ಗಾಡಿ, ಹೊಸ ಎಣ್ಣೆ ಬಿದ್ರೆ ನೆಗೆದುಬಿದ್ದೂ ಹೋಗಬಹುದು. ಗ್ಯಾರಂಟಿ ಇಲ್ಲ."

"ಯಾವ ಎಣ್ಣೆ ಹಾಕಬೇಕು?"

"ಅದನ್ನ ನೀವು ತಂದುಕೊಡಿ, ನಾನು ಹಾಕ್ತೀನಿ. ಒಂದೊಂದು ಗಾಡಿಗೆ ಒಂದೊಂದು ಥರದ್ದು. ತಪ್ಪಿದ್ದು ತಂದ್ರೆ ಗೇರ್‌ಬಾಕ್ಸ್ ಶಿವಾಯ ನಮಃ. ಅದಕ್ಕೂ ನಾನು ಜವಾಬ್ದಾರನಲ್ಲ."

ಗಾಡಿಯ ಪುಸ್ತಕ ಇರಲಿಲ್ಲ. ಹೂಕುಂಡದವನಿಗೆ ಫೋನ್ ಮಾಡಿದರೆ ಅವನು, "ಎಣ್ಣೇನಾ? ಅದಕ್ಕೂ ಎಣ್ಣೆ ಹಾಕಬೇಕಾ?" ಅಂದ.

ಗಾಜಿನಕ್ಕ ಎಣ್ಣೆ ಅಂಗಡಿಗೆ ಹೋದಳು. ನೆಲದಿಂದ ಸೂರಿನವರೆಗೆ ಬಾಟಲಿಗಳು. ಒಂದರ ಮೇಲೆ ಬೆಟ್ಟ, ಇನ್ನೊಂದರ ಮೇಲೆ ಕುದುರೆ, ಮತ್ತೊಂದರ ಮೇಲೆ ಬೆಂಕಿ ಉಗುಳುವ ಹಲ್ಲಿಯಂಥದ್ದೇನೋ. ಅಂಗಡಿಯವನು ಕುರ್ಚಿಯಿಂದ ಏಳದೆಯೇ ವಿಚಾರಣೆ ಶುರುಮಾಡಿದ.

"ಗಾಡಿ ಎಷ್ಟು ಹಳೇದು ಮೇಡಂ?"

"ನಿಮಗಿಂತ ಸ್ವಲ್ಪ ಚಿಕ್ಕದು."

"ಹಾಗಾದ್ರೆ ಇದು ತಗೊಳ್ಳಿ. ಎಲ್ಲಾ ಗಾಡಿಗೂ ಆಗುತ್ತೆ."

"ಎಲ್ಲಾದಕ್ಕೂ ಇದೇ ಆಗೋದಾದ್ರೆ ಉಳಿದ ಬಾಟಲಿ ಯಾಕೆ ಇಟ್ಟಿದ್ದೀರಾ?"

ಅವನು ಬಾಟಲಿಗಳ ಕಡೆ ತಿರುಗಿ ನೋಡಿದ. ಈ ಪ್ರಶ್ನೆ ಅವನಿಗೂ ಹೊಸದು. "ಎಲ್ಲರೂ ನನ್ನ ಮಾತು ಕೇಳಲ್ವಲ್ಲ," ಅಂದ ಕೊನೆಗೆ. ಆಮೇಲೆ ಇನ್ನೊಂದು ಬಾಟಲಿ ಮುಂದಿಟ್ಟ. ಅದರ ಮೇಲೆ ಒಂದು ಮುದಿ ಲಾರಿ ತೋಳು ಮಡಚಿ ಮಾಂಸಖಂಡ ತೋರಿಸುತ್ತಾ ನಗುತ್ತಿತ್ತು. "ಇದು ವಯಸ್ಸಾದ ಗಾಡಿಗಳಿಗೇ ಅಂತ ಮಾಡಿದ್ದು. ಯೌವನ ಬರುತ್ತೆ."

ಅವಳು ಎರಡನ್ನೂ ತಂದಳು, ಯಾವುದನ್ನೂ ನಂಬದೆ.

ಮರುದಿನ ಸೋಮವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಊಟದ ಹೊತ್ತಿಗೆ ಎಣ್ಣೆಯ ಮಹಾಸಭೆ ಸೇರಿತು. ಮಾವ ಆಯುಷ್ಯವೆಲ್ಲ ಬಸ್ ಓಡಿಸಿದವರು. ಆಟೋಮ್ಯಾಟಿಕ್ ಗಾಡಿಯನ್ನು ಅವರು ಗಾಡಿಯೆಂದೇ ಒಪ್ಪಿರಲಿಲ್ಲ.

"ಗೇರ್ ಹಾಕೋಕೆ ಕೈ ಇದೆ, ಕ್ಲಚ್ ತುಳಿಯೋಕೆ ಕಾಲಿದೆ. ಅದನ್ನೆಲ್ಲ ಮಡಚಿಟ್ಕೊಂಡು ಕೂತ್ರೆ ಗಾಡಿಗೆ ಮರ್ಯಾದೆ ಎಲ್ಲಿರುತ್ತೆ? ನೋಡಮ್ಮ, ನಮ್ಮ ಕಾಲದಲ್ಲಿ ಗೇರ್‌ಬಾಕ್ಸ್ ಕಿರಿಕ್ ಮಾಡಿದ್ರೆ ದಪ್ಪ ಎಣ್ಣೆ ಹೊಯ್ತಿದ್ವಿ. ತೆಪ್ಪಗೆ ಕೂರ್ತಿತ್ತು."

"ಅಪ್ಪ, ಅದು ಬಸ್ಸು," ಅಂದ ಗಂಡ. "ಎಲ್ಲಾದಕ್ಕೂ ಆಗೋದನ್ನೇ ಹಾಕೋಣ. ಎಲ್ಲಾದರಲ್ಲಿ ಇದೂ ಬಂತಲ್ಲ."

ಊಟದ ವಾಸನೆ ಹಿಡಿದು ಬಂದಿದ್ದ ಮೈದುನ ತಟ್ಟೆಯಿಂದ ತಲೆ ಎತ್ತಿದ. "ಯಾವ ಡಬ್ಬಿಯೂ ಬೇಡ. ನನ್ನ ವ್ಯಾನಿಗೆ ಹಾಕೋದು ಹಾಕಿ. ನನ್ನ ವ್ಯಾನ್ ಓಡ್ತಿಲ್ವಾ?"

"ಓಡ್ತಿದೆಯೋ, ಸೋರ್ತಿದೆಯೋ?" ಅಂದಳು ಗಾಜಿನಕ್ಕ.

"ಸೋರೋದು ಬೇರೆ, ಓಡೋದು ಬೇರೆ ಅತ್ತಿಗೆ. ನನ್ನ ಮಾತು ಕೇಳಿ, ಇಲ್ಲಾಂದ್ರೆ ಆಮೇಲೆ ನಾನು ಆಗಲೇ..."

ಅವಳು ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಸಾಕು! ಗಾಡಿ ನನ್ನದು. ಯಾವ ಎಣ್ಣೆ ಅಂತ ನಾನು ಕಂಡುಹಿಡೀತೀನಿ. ಅಲ್ಲೀವರೆಗೂ ಯಾರೂ ಅದರ ಬಾನೆಟ್ ಮುಟ್ಟಕೂಡದು."

ಎಲ್ಲರೂ ಹೂಂ ಅಂದರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೂಂ ಅಂದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಬುಧವಾರ ಬೆಳಗಾದರೂ ಉತ್ತರ ಸಿಕ್ಕಿರಲಿಲ್ಲ. ಮನೆಯವರು ಏಳುವ ಮೊದಲೇ ಎದ್ದು ಅವಳು ಶಟರ್ ಅರ್ಧ ಎತ್ತಿ ಹೊರಗೆ ಬಂದಳು. ಕೈಯಲ್ಲಿ ಮುದಿ ಲಾರಿಯ ಬಾಟಲಿ. ತಾನು ಹಾಕಿದ ಕಟ್ಟಪ್ಪಣೆ ತನಗೆ ನೆನಪಿರಲಿಲ್ಲ ಅಂತಲ್ಲ. ಆದರೆ ಅಪ್ಪಣೆ ಮಾಡಿದವಳಿಗೆ ಅಷ್ಟೂ ಸಲಿಗೆ ಇಲ್ಲದಿದ್ದರೆ ಹೇಗೆ? ಇದು ಬದಲಾಯಿಸುವುದಲ್ಲ, ಬರೀ ರುಚಿ ತೋರಿಸುವುದು ಅಂತ ತನಗೆ ತಾನೇ ಹೇಳಿಕೊಂಡಳು. ಗೇಜು ಕಡ್ಡಿ ಎಳೆದು ಪಕ್ಕಕ್ಕಿಟ್ಟು, ಅದರ ಕೊಳವೆಗೇ ಲಾಳಿಕೆ ಸಿಕ್ಕಿಸಿ, ಅರ್ಧ ಬಾಟಲಿ ಹೊಯ್ದಳು. ಲಾಳಿಕೆ ಮೊದಲೇ ಜಿಡ್ಡಾಗಿತ್ತು. ನಿದ್ದೆಗಣ್ಣಿನಲ್ಲಿ ಅವಳು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಬಾಟಲಿಯಲ್ಲಿದ್ದ ಲಾರಿಯ ನಗು ನೋಡಿ, ಉಳಿದರ್ಧವನ್ನೂ ಹೊಯ್ದುಬಿಟ್ಟಳು.

ಗುರುವಾರ ಬೆಳಗ್ಗೆ ಪಿಕಪ್ ಹೊರಡಲೇ ಇಲ್ಲ. ಇಂಜಿನ್ ಸಿಟ್ಟಿನಿಂದ ಗುಡುಗಿತು, ಚಕ್ರಕ್ಕೆ ಅದು ಕೇಳಿಸಲಿಲ್ಲ. ಗೇರ್‌ಬಾಕ್ಸಿನ ಬಾಯಿಂದ ಸೋಪಿನ ನೊರೆಯಂಥದ್ದು ಉಕ್ಕಿ ಬಂತು. ಮುಗಿಯಿತು, ಕೊಂದುಬಿಟ್ಟೆ, ನಾನೇ ನನ್ನ ಕೈಯಾರೆ ಕೊಂದೆ ಅಂದುಕೊಂಡಳು ಗಾಜಿನಕ್ಕ. ಫೋನ್ ಮೇಜಿನ ಮೇಲಿತ್ತು. ಅದರ ಕಡೆ ನೋಡದೆ ಗ್ಯಾರೇಜಿಗೆ ಓಡಿದಳು.

ಗ್ಯಾರಂಟಿ ಮೇಸ್ತ್ರಿ ಬಂದು ಗಾಡಿಯ ಕೆಳಗೆ ನುಗ್ಗಿ, ಒಂದು ಪ್ಲಾಸ್ಟಿಕ್ ಟಬ್ ಇಟ್ಟು, ಬೋಲ್ಟ್ ಬಿಚ್ಚಿದ. ಎಣ್ಣೆ ಬಂತು. ಬರುತ್ತಲೇ ಇತ್ತು. ಟಬ್ ತುಂಬಿತು. "ಬಕೆಟ್! ಬಕೆಟ್!" ಅಂತ ಅವನು ಕೆಳಗಿನಿಂದಲೇ ಕೂಗಿದ. ಗಂಡ ಬಕೆಟ್ ತಂದ. ಅದೂ ತುಂಬುತ್ತಾ ಬಂದಾಗ ಗಾಜು ತೊಳೆಯುವ ಅಗಲ ತೊಟ್ಟಿಯನ್ನು ದೂಡಿದರು. ಮೇಸ್ತ್ರಿ ಮೊಣಕೈವರೆಗೆ ಎಣ್ಣೆಯಾಗಿ ಹೊರಗೆ ತೆವಳಿ ಬಂದು, ತೊಟ್ಟಿಯಲ್ಲಿ ಬೆರಳಾಡಿಸಿದ.

"ಇದರ ಹೊಟ್ಟೆ ಹಿಡಿಯೋದಕ್ಕಿಂತ ಜಾಸ್ತಿ ಬಂತಲ್ಲ ಅಕ್ಕ. ಇಲ್ನೋಡಿ, ಇದು ಕೆಂಪು. ಇದು ಹಳದಿ. ಇದ್ಯಾವುದೋ ಜೇನುತುಪ್ಪದ ಹಾಗೆ ದಪ್ಪಗಿದೆ. ಯಾರು ಹಾಕಿದ್ದು?"

ಮಾವ ಗೋಡೆ ಗಡಿಯಾರ ನೋಡತೊಡಗಿದರು. ಗಂಡ ಆಗಲೇ ಉಜ್ಜಿ ಮುಗಿಸಿದ್ದ ಒಂದು ಗಾಜಿನ ಅಂಚನ್ನು ಮತ್ತೆ ಉಜ್ಜಲು ಹೋದ.

"ಮಾವ?"

"ಒಂದು ಚೂರು ಹಾಕ್ದೆ ಕಣಮ್ಮ. ಔಷಧಿ ಥರ. ನಿನಗೆ ತಿಳಿಯೋದೂ ಬೇಡ, ಗಾಡಿ ಸರಿಹೋಗಲಿ ಅಂತ."

"ಒಂದು ಚೂರಾ?"

"ಒಂದು ಡಬ್ಬಿ."

"ರೀ?"

"ನೀನು ನಿದ್ದೇಲಿ ಕನ್ನಡಿ, ಕನ್ನಡಿ ಅಂತ ಕನವರಿಸ್ತಿದ್ದೆ ಕಣೇ," ಅಂದ ಗಂಡ ಗಾಜಿನಿಂದ ತಲೆ ಎತ್ತದೆ. "ಮನಸ್ಸು ತಡೀಲಿಲ್ಲ. ಎಲ್ಲಾದಕ್ಕೂ ಆಗೋದನ್ನ ಹಾಕ್ಬಿಟ್ಟೆ."

ಗಾಜಿನಕ್ಕ ಸೊಂಟದ ಮೇಲೆ ಕೈಯಿಟ್ಟು ಇಬ್ಬರ ಜನ್ಮ ಜಾಲಾಡಿದಳು. ಅಪ್ಪಣೆ ಅಂದರೆ ಏನು, ಮರ್ಯಾದೆ ಅಂದರೆ ಏನು, ಹೆಂಗಸು ಕೊಂಡ ಗಾಡಿ ಅಂದರೆ ಅದು ಮನೆಯವರೆಲ್ಲ ಉಗುಳುವ ಪೀಕದಾನಿಯಾ ಅಂತೆಲ್ಲ ಕೇಳಿದಳು. ಮಾತು ರಂಗೇರಿದ್ದಾಗ ಮಾವ ಮೆಲ್ಲಗೆ ಬಗ್ಗಿ, ಕಸದ ಬುಟ್ಟಿಯಿಂದ ಒಂದು ಖಾಲಿ ಬಾಟಲಿ ಎತ್ತಿ ಹಿಡಿದರು. ಅದರ ಮೇಲೆ ಮುದಿ ಲಾರಿ ನಗುತ್ತಿತ್ತು. ಗಾಜಿನಕ್ಕ ಬಾಯಿ ಮುಚ್ಚಿದಳು. ಆಮೇಲೆ ಮೂವರಿಗೂ ತಡೆಯಲಾರದಷ್ಟು ನಗು ಬಂತು, ಮೇಸ್ತ್ರಿಯೊಬ್ಬನೇ ನಗಲಿಲ್ಲ. ಅವನು ಬೆರಳು ಮಡಚುತ್ತಿದ್ದ.

"ಯಜಮಾನರದು ಒಂದು, ಅಣ್ಣಂದು ಒಂದು, ಅಕ್ಕಂದು ಒಂದು. ಆದ್ರೂ ಇನ್ನೊಂದು ಡಬ್ಬಿಯಷ್ಟು ಜಾಸ್ತಿ ಇದೆ. ಅದು ಯಾರದು?"

ಎಲ್ಲರೂ ಅವನನ್ನೇ ನೋಡಿದರು.

"ನನ್ನ ಕಡೆ ನೋಡಬೇಡಿ. ನಾನು ಹಾಕಿದ್ರೆ ಬಿಲ್ ಕೊಟ್ಟಿರ್ತಿದ್ದೆ."

ಕೊನೆಗೆ ಪಾಪ ಹೂಕುಂಡದವನ ತಲೆಗೆ ಅದನ್ನು ಕಟ್ಟಿದರು. ಗಿಡಕ್ಕೆ ನೀರು ಹಾಕುವ ಅಭ್ಯಾಸದಲ್ಲಿ ಗಾಡಿಗೂ ಹೊಯ್ದಿರಬೇಕು ಅಂತಾಯಿತು.

ಆದರೆ ನಗುವಿನಿಂದ ಗಾಡಿ ಓಡುವುದಿಲ್ಲ. ಗೇರ್‌ಬಾಕ್ಸ್ ಈಗ ಖಾಲಿ, ಸರಿಯಾದ ಎಣ್ಣೆ ತಂದರೆ ಎರಡು ಸಲ ತುಂಬಿ ತೊಳೆದು ನೋಡೋಣ, ತಪ್ಪಿದ್ದು ತಂದರೆ ಇದೇ ಕೊನೆ ಅಂದ ಮೇಸ್ತ್ರಿ. ಗಾಜಿನಕ್ಕ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಳು. ಒಳಗೆ ಗೋಡೆಗೆ ಒರಗಿದ್ದ ಕನ್ನಡಿಗಳೆಲ್ಲ ಅವಳನ್ನೇ ನೋಡುತ್ತಿದ್ದವು. ಎಷ್ಟು ಮಾಡಿದರೂ ಕೊನೆಗೆ ಆ ಫೋನ್ ಮಾಡಲೇಬೇಕಾಯಿತಲ್ಲ ಅಂದುಕೊಂಡಳು. ಕೈ ಸುಮ್ಮನಿರಲಾರದೆ, ಮೇಸ್ತ್ರಿ ಮೆಟ್ಟಿಲ ಮೇಲಿಟ್ಟಿದ್ದ ಗೇಜು ಕಡ್ಡಿ ಎತ್ತಿಕೊಂಡು ಹೆಗಲ ಮೇಲಿನ ಬಟ್ಟೆಯಿಂದ ಒರೆಸತೊಡಗಿತು.

ಗಾಜಿನವರ ಕೈ ಅದು. ಗಾಜನ್ನು ಒಂದೇ ಕಡೆ ಒರೆಸಿದರೆ ಕೊಳೆ ಈ ಬದಿಗಿದೆಯೋ ಆ ಬದಿಗಿದೆಯೋ ತಿಳಿಯುವುದಿಲ್ಲ, ಅದಕ್ಕೆ ಗಾಜಿನವರು ಯಾವುದನ್ನೇ ಆಗಲಿ ಅರ್ಧ ಒರೆಸಿ ಕೆಳಗಿಡುವುದಿಲ್ಲ. ಅವಳು ಎಣ್ಣೆಯಲ್ಲಿ ಅದ್ದುವ ತುದಿಯನ್ನು ಒರೆಸಿದಳು. ಕಡ್ಡಿಯ ಉದ್ದಕ್ಕೂ ಒರೆಸಿದಳು. ಕೊನೆಗೆ ಕೈಯಲ್ಲಿ ಹಿಡಿಯುವ ಚಪ್ಪಟೆ ಹಿಡಿಯನ್ನು ಉಜ್ಜಿದಳು. ಅದರ ಮೇಲೆ ವರ್ಷಗಳ ಕರಿ ಜಿಡ್ಡು ತೊಗಲಿನ ಹಾಗೆ ಕೂತಿತ್ತು. ಉಗುರಿನಿಂದ ಕೆರೆದು ಮತ್ತೆ ಉಜ್ಜಿದಳು. ಲೋಹದಲ್ಲಿ ಉಬ್ಬು ಅಕ್ಷರಗಳು ಎದ್ದವು: ಕೆ-3 ಎಣ್ಣೆ ಮಾತ್ರ ಹಾಕಿ.

ಅವಳು ಅದನ್ನು ಓದಿ, ಇನ್ನೊಮ್ಮೆ ಓದಿ, ಮೇಸ್ತ್ರಿಯ ಮೂಗಿನ ಹತ್ತಿರ ಹಿಡಿದಳು. ಇಷ್ಟು ದಿನ ಆ ಕಡ್ಡಿಯನ್ನು ಎಳೆದವರೆಲ್ಲ ಉತ್ತರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆ ಕಡೆಯ ತುದಿಯನ್ನೇ ದಿಟ್ಟಿಸುತ್ತಿದ್ದರು. ಅವಳೂ ಸೇರಿ.

"ಎಲ್ಲರೂ ತುದಿ ಮೂಸಿದ್ವಿ," ಅಂದ ಮೇಸ್ತ್ರಿ ತಲೆ ಕೆರೆದುಕೊಂಡು. "ಹಿಡಿ ಯಾರು ನೋಡ್ತಾರೆ?"

ಎಣ್ಣೆ ಅಂಗಡಿಯವನು ಕೆ-3 ಡಬ್ಬಿಗಳನ್ನು ಅತಿ ಕೆಳಗಿನ ಹಲಗೆಯಿಂದ ಧೂಳು ಊದುತ್ತಾ ತೆಗೆದ. ಅವುಗಳ ಮೇಲೆ ಬೆಟ್ಟವಿಲ್ಲ, ಕುದುರೆಯಿಲ್ಲ, ಬರೀ ಹೆಸರು. "ಇದನ್ನ ಯಾರೂ ಕೇಳಲ್ಲ ಮೇಡಂ, ಚಿತ್ರ ಇಲ್ವಲ್ಲ" ಅಂತ ಬೇಜಾರು ಮಾಡಿಕೊಂಡ. ಮೇಸ್ತ್ರಿ ತುಂಬಿದ, ಓಡಿಸಿದ, ಬಸಿದ, ಮತ್ತೆ ತುಂಬಿದ. ಸಂಜೆ ಬೀದಿಯಲ್ಲಿ ಗಾಜಿನಕ್ಕನೇ ಒಂದು ಸುತ್ತು ಹೋಗಿಬಂದಳು. ಹಿಂದೆ ಗಾಜಿನ ಸ್ಟ್ಯಾಂಡಿನ ಪಕ್ಕ ಮಾವನನ್ನು ಕೂರಿಸಿ, ಅವರ ಕೈಯಲ್ಲಿ ಅಂಚಿನವರೆಗೆ ತುಂಬಿದ ನೀರಿನ ಲೋಟ ಕೊಟ್ಟಿದ್ದಳು. ವಾಪಸ್ ಬಂದಾಗ ಮಾವನ ಪಂಚೆ ಒಣಗಿಯೇ ಇತ್ತು.

"ಸರಿಹೋಯ್ತು ಅಲ್ವಾ?" ಅಂದಳು.

"ಸರಿಹೋದ ಹಾಗಿದೆ," ಅಂದ ಮೇಸ್ತ್ರಿ. "ಗ್ಯಾರಂಟಿ ಇಲ್ಲ."

ಶುಕ್ರವಾರ ಕನ್ನಡಿಗಳನ್ನು ಸ್ಟ್ಯಾಂಡಿಗೆ ಬಿಗಿದರು. ಗಂಡ ಬಾಗಿಲಿಗೆ ಒದ್ದು, ಆ ಕಡೆಯಿಂದ ಹತ್ತಿ ಕೂತ. ಬೀದಿ ತಿರುಗುವಷ್ಟರಲ್ಲಿ ಹಿಂದೆ ಮೈದುನನ ವ್ಯಾನ್ ಹಾಜರು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತು ತಲೆ ಹೊರಗೆ ಹಾಕಿದ.

"ಈ ಕಡೆ ಕೆಲಸ ಇತ್ತು ಅತ್ತಿಗೆ."

"ಯಾವ ಕಡೆ?"

"ನೀವು ಹೋಗೋ ಕಡೆ."

ಖಾಲಿ ವ್ಯಾನ್ ತಂದಿದ್ದಾನೆ, ನಾನು ನಡುರಸ್ತೆಯಲ್ಲಿ ಕೂರುವುದನ್ನು ಕಣ್ತುಂಬ ನೋಡಬೇಕಲ್ಲ ಅಂತ ಗಾಜಿನಕ್ಕ ಹಲ್ಲು ಕಚ್ಚಿದಳು. ಹಸಿರು ಬಿತ್ತು. ಅವಳು ಕಾಲನ್ನು ಮೆಲ್ಲಗೆ ಒತ್ತಿದಳು. ಒಂದನೇ ಗೇರಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಪಿಕಪ್ ಸದ್ದಿಲ್ಲದೆ ಜಾರಿತು. ಧಡಕ್ ಇಲ್ಲ, ಯೋಚನೆ ಇಲ್ಲ. ಅವಳಿಗೆ ಸ್ಟಿಯರಿಂಗಿಗೆ ಮುತ್ತು ಕೊಡಬೇಕು ಅನ್ನಿಸಿತು, ಗಂಡ ಪಕ್ಕದಲ್ಲಿದ್ದನಲ್ಲ ಅಂತ ಸುಮ್ಮನಾದಳು.

ಒಂದು ಕನ್ನಡಿಗೂ ಕೂದಲೆಳೆಯಷ್ಟು ಗೀರು ಬೀಳಲಿಲ್ಲ. ಡ್ಯಾನ್ಸ್ ಟೀಚರ್ ಗೋಡೆಗೆ ಒರಗಿಸಿದ ಮೊದಲ ಕನ್ನಡಿಯ ಮುಂದೆಯೇ ಒಂದು ಸುತ್ತು ತಿರುಗಿದಳು. ಕನ್ನಡಿ ಕೂರಿಸಲು ಗಂಡ ಅಲ್ಲೇ ಉಳಿದ. ಅಂಗಡಿ ನೋಡಿಕೊಳ್ಳಲು ಗಾಜಿನಕ್ಕ ಒಬ್ಬಳೇ ಹೊರಟಳು. ಡ್ಯಾನ್ಸ್ ಟೀಚರ್ ಕಾಲೆತ್ತಿ ಬಾಗಿಲಿಗೆ ಕೊಟ್ಟ ಒದೆ ಬಹಳ ಲಕ್ಷಣವಾಗಿತ್ತು.

ಸೇತುವೆ ಹತ್ತಿರ ಬಂದಾಗ ಫೋನ್ ಬಡಿದುಕೊಂಡಿತು. ಮೈದುನ.

"ಅತ್ತಿಗೆ... ಎಲ್ಲಿದ್ದೀರಾ?"

"ಯಾಕೆ?"

"ಏನಿಲ್ಲ. ಸೇತುವೆ ಏರೋ ಕಡೆ ಸ್ವಲ್ಪ ನಿಂತಿದ್ದೀನಿ."

"ಸುಮ್ಮನೆ ನಿಂತಿದ್ದೀಯಾ?"

"ಸುಮ್ಮನೆ ಅಂತಲ್ಲ. ಗಾಡಿ ಮುಂದಕ್ಕೆ ಹೋಗ್ತಿಲ್ಲ."

ಅವನು ನಡುರಸ್ತೆಯಲ್ಲಿ ಕೂತಿದ್ದ. ಅಕ್ಷರಶಃ, ವ್ಯಾನಿನ ಬಂಪರಿನ ಮೇಲೆ, ಹಿಂದಿನವರೆಲ್ಲ ಹಾರ್ನ್ ಹೊಡೆದು ಅವನ ವಂಶ ಎತ್ತಿ ಬೈಯುತ್ತಿರುವಾಗ. ಗಾಜಿನಕ್ಕ ಹೋಗಿ ವ್ಯಾನಿನ ಗೇಜು ಕಡ್ಡಿ ಎಳೆದು ನೋಡಿದಳು. ತುದಿ ಒಣಗಿ ಹೋಗಿತ್ತು.

"ಸೀಟಿನ ಕೆಳಗೆ ಒಂದು ಡಬ್ಬಿ ಇರ್ತಿತ್ತಲ್ಲ?"

"ಖಾಲಿ."

"ಯಾವಾಗ ಖಾಲಿಯಾಯ್ತು?"

ಅವನು ನೆಲ ನೋಡಿದ. "ಮಂಗಳವಾರ."

"ಮಂಗಳವಾರ ನಿನ್ನ ವ್ಯಾನ್ ನಮ್ಮ ಅಂಗಡಿ ಮುಂದೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಮೇಸ್ತ್ರಿಯ ಮಡಚದೆ ಉಳಿದ ಬೆರಳು ನೆನಪಾಯಿತು. "ಆ ನಾಲ್ಕನೇ ಡಬ್ಬಿ ನಿಂದಾ?"

"ಕನ್ನಡಿ ಒಡೆದ ದಿನ ನಿಮ್ಮ ಮುಖ ನೋಡಿದ್ದೆ ಅತ್ತಿಗೆ. ಆಗ ನಿಲ್ಲಿಸೋಕೆ ಧೈರ್ಯ ಬರ್ಲಿಲ್ಲ, ನೀವು ಬೈತೀರಾ ಅಂತ. ಅದಕ್ಕೇ ಆಮೇಲೆ ಯಾರೂ ಇಲ್ದಾಗ ಹಾಕ್ದೆ."

"ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ. ಖಂಡಿತ ಅಂತಿದ್ದೆ."

ತನ್ನ ವ್ಯಾನಿಗೆ ಇದ್ದ ಒಂದೇ ಡಬ್ಬಿಯನ್ನು ಈ ದಡ್ಡ ತನ್ನ ಗಾಡಿಗೆ ಸುರಿದು, ಖಾಲಿ ಗೇರ್‌ಬಾಕ್ಸಿನಲ್ಲಿ ತನ್ನ ಹಿಂದೆ ಕಾವಲು ಬಂದಿದ್ದ. ಅವಳಿಗೆ ಅವನ ತಲೆಗೆ ಮೊಟಕಬೇಕು ಅನ್ನಿಸಿತು, ಅದೇ ಹೊತ್ತಿಗೆ ಅವನ ಮೇಲೆ ಅಕ್ಕರೆಯೂ ಉಕ್ಕಿತು. ಎರಡನ್ನೂ ತೋರಿಸದೆ ಹೆಗಲ ಮೇಲಿನ ಬಟ್ಟೆ ಅವನ ಕೈಗಿಟ್ಟಳು.

"ಇದರ ಹಿಡಿ ಒರೆಸು."

ಅವನು ಒರೆಸಿದ. ಅಕ್ಷರಗಳು ಎದ್ದವು. ಅಲ್ಲಿ ಹೆಸರಿದ್ದ ಎಣ್ಣೆಯೇ ಬೇರೆ, ಅವನು ಇಷ್ಟು ವರ್ಷ ಹೊಯ್ಯುತ್ತಿದ್ದದ್ದೇ ಬೇರೆ.

"ಹೇಳ್ಬಿಡಿ ಅತ್ತಿಗೆ," ಅಂದ. "ಎಷ್ಟು ಹೊತ್ತು ತಡ್ಕೊಂಡಿರ್ತೀರಾ?"

ಗಾಜಿನಕ್ಕ ಬಾಯಿ ತೆರೆದಳು. ಎಷ್ಟು ವರ್ಷ ಕಾದಿದ್ದ ಗಳಿಗೆ! ಅವನದೇ ಆ ಮಾತು ನಾಲಿಗೆಯ ಮೇಲೇ ಇತ್ತು. ಆಗ ಅವಳಿಗೆ ಹೊಳೆಯಿತು, ಇವನಿಗೆ ತಾನು ಮೊದಲು ಏನನ್ನೂ ಹೇಳಿಯೇ ಇರಲಿಲ್ಲ. ಅವನಾದರೆ ಎಲ್ಲದರ ಬಗ್ಗೆಯೂ ಮುಂಚಿತವಾಗಿ ಒಂದು ಮಾತು ಎಸೆದಿಡುತ್ತಿದ್ದ. ತನಗೆ ಆ ಬುದ್ಧಿ ಎಲ್ಲಿತ್ತು?

"ಇಲ್ಲಪ್ಪ, ನಾನು ಏನೂ ಹೇಳಿರಲಿಲ್ಲ," ಅಂದಳು. "ಆದ್ರೆ ಇವತ್ತೇ ಹೇಳಿಟ್ಟಿರ್ತೀನಿ, ಮುಂದಕ್ಕೆ ಬೇಕಾಗುತ್ತೆ. ಈ ವ್ಯಾನ್ ನಿನ್ನನ್ನ ಇನ್ನೊಂದು ಸಲ ನಡುರಸ್ತೇಲಿ ಕೂರಿಸುತ್ತೆ. ಆಗ ಫೋನ್ ಮಾಡು, ಬರ್ತೀನಿ."

ಗಾಜು ಬಿಗಿಯುವ ಹಗ್ಗವನ್ನು ಬಿಚ್ಚಿ ವ್ಯಾನಿನ ಮೂತಿಗೆ ಕಟ್ಟಿದರು. ಅವಳು ಪಿಕಪ್ ಹತ್ತಿ, ಬಾಗಿಲು ಹಿಡಿದು ಕೂತಳು. ಮೈದುನ ವ್ಯಾನಿನ ಕಡೆ ಹೊರಟವನು ಏನೋ ನೆನಪಾಗಿ ತಿರುಗಿ ಬಂದ. ಒಳಗಿನಿಂದ ಅವಳು ಎಳೆದಳು, ಹೊರಗಿನಿಂದ ಅವನು ಒದ್ದ, ಬಾಗಿಲು ಮುಚ್ಚಿಕೊಂಡಿತು.